ದಿಣ್ಣೆ ಹೊಲದ ಮನೆಗಳು

ಕಲ್ಲು ತುಂಬಿದ ಗಾಡಿ ದಿಣ್ಣೆ ಹೊಲದ ಹತ್ತಿರ ಬಂದಾಗ ದಾರಿಗಡ್ಡವಾಗಿ ಎದೆಮಟ್ಟ ಜಾಲಿಮುಳ್ಳು ಬಿದ್ದಿತ್ತು. ಅದರಾಚೆ ಪಟೇಲ ಮುದ್ದಯ್ಯ, ಅವನ ಬೆನ್ನಿಗೆ ಊರಿನ ನಾಲ್ಕು ಜನ. ದೇವಿರಮ್ಮ ಗಾಡಿಯಿಂದಿಳಿದು ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಮುದ್ದಯ್ಯ ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಒಂದು ದಿನವೂ ಅವಳು ಅವನೆದುರು ದನಿಯೆತ್ತಿದವಳಲ್ಲ.

"ಬಾವಾ, ಗಾಡಿಗೆ ದಾರಿ ಬುಡಿ."

"ಯಾತಕ್ಕೆ? ಕಂಡಕಂಡೋರ್ಗೆಲ್ಲ ಮನೆ ಕಟ್ಕೊಡಾಕಾ? ಯಾವೂರೋ, ಯಾವ್ ಜಾತಿಯೋ! ತಂದು ಊರ ಬಾಗ್ಲಲ್ಲೇ ಕೂರುಸ್ತೀಯಾ?"

ಮಂಡ್ಯದ ಸಕ್ಕರೆ ಕಾರ್ಖಾನೆ ಆ ಹೊಲಕ್ಕೆ ಕೂಗಳತೆಯ ದೂರ. ಮಳವಳ್ಳಿ ಕಡೆಯಿಂದ ಕೂಲಿಗೆ ಬಂದವರಿಗೆ ಸುತ್ತಲ ಊರುಗಳಲ್ಲಿ ಒಂದು ಜಗಲಿಯೂ ಬಾಡಿಗೆಗೆ ಸಿಗುತ್ತಿರಲಿಲ್ಲ. ಕಬ್ಬಿನ ಗಾಡಿಗಳ ಕೆಳಗೇ ಮಲಗುತ್ತಿದ್ದರು. ಸಂಕ್ರಾಂತಿಯ ಹಿಂದೆ ಹಾಗೆ ಮಲಗಿದ್ದ ಸಿದ್ದರಾಜುವಿನ ಮಗಳ ಕಾಲಿನ ಮೇಲೆ ಚಕ್ರ ಹರಿಯಿತು. ಅವನ ಹೆಂಡತಿ ಅಂಕಮ್ಮ ಮಗುವನ್ನೆತ್ತಿಕೊಂಡು ಕಿರುಚುತ್ತ ಓಡಿದ್ದನ್ನು ದೇವಿರಮ್ಮ ಕಣ್ಣಾರೆ ಕಂಡಿದ್ದಳು.

ಅದರ ಮುಂದಿನ ಬೇಸಿಗೆಯಲ್ಲಿ ಸರ್ಕಾರದ ಕಾಯಿದೆ ಬಂತು. ಕಾರ್ಖಾನೆಯ ಆಸುಪಾಸಿನ ಜಮೀನಿನವರು ಕೆಲಸಗಾರರಿಗೆ ಮನೆ ಕಟ್ಟಿಸಿದರೆ ಊರ ಪಂಚಾಯ್ತಿ ಬೇಡವೆನ್ನುವಂತಿಲ್ಲ. ತಮಟೆಯವನು ಸಾರಿದ್ದನ್ನು ಕೇಳಿ ಊರೆಲ್ಲ ನಕ್ಕಿತು. ದೇವಿರಮ್ಮ ನಗಲಿಲ್ಲ. ನಾಲೆಯ ನೀರು ಹತ್ತದ ಆ ದಿಣ್ಣೆಯೇ ಅವಳ ಪಾಲಿಗೆ ಬಂದದ್ದು; ಅಲ್ಲೇ ಮನೆ ಕಟ್ಟಿಸಲು ಹೊರಟಳು.

"ಸರ್ಕಾರ ಕಾಯ್ದೆ ಮಾಡದೆ, ಬಾವಾ."

"ಸರ್ಕಾರ ಬೆಂಗ್ಳೂರಲ್ಲದೆ. ಇಲ್ಲಿ ನಾನಿವ್ನಿ."

"ನಿಮ್ ಗದ್ದೆ ಕಬ್ಬ ಅರ್ಯೋರು ಅವ್ರೇ ಅಲ್ವಾ? ಕಬ್ಬು ಅವ್ರ ಕೈಗೆ ಓಗ್ಬೋದು, ಅವ್ರು ಮಾತ್ರ ನಮ್ಮೂರ್ಗೆ ಬರಬಾರ್ದಾ?"

ಮುದ್ದಯ್ಯನ ಮುಖ ಕಪ್ಪಿಟ್ಟಿತು. "ಇವತ್ತಿಂದ ನಿಂಗೆ ಊರಲ್ಲಿ ಬೆಂಕಿ ನೀರಿಲ್ಲ ಕಣಮ್ಮಿ."

"ಬೆಂಕಿಗೆ ಕಡ್ಡಿಪೆಟ್ಗೆ ತಂದ್ಕತೀನಿ. ನೀರಿಗೆ ನಾಲೆಗೆ ಓಯ್ತೀನಿ. ನಾಲೆ ನೀವು ತೋಡ್ಸಿದ್ದಲ್ವಲ್ಲ!"

ಅವಳು ಬಾಗಿ ಬರಿಗೈಯಲ್ಲೇ ಮುಳ್ಳಿನ ಕೊಂಬೆ ಎಳೆದಳು. ಸೆರಗು ತಲೆಯಿಂದ ಜಾರಿತು, ಮತ್ತೆ ಹೊದೆಯಲಿಲ್ಲ. ಗಾಡಿ ಹೊಡೆಯುತ್ತಿದ್ದ ಸಣ್ಣಯ್ಯ ಒಮ್ಮೆ ಪಟೇಲನ ಮುಖ ನೋಡಿದ, ಒಮ್ಮೆ ರಕ್ತ ಜಿನುಗುತ್ತಿದ್ದ ಅವಳ ಅಂಗೈ ನೋಡಿದ. ಎತ್ತಿನ ಬಾಲ ಮುರಿದ. ಗಾಡಿ ಮೈಮೇಲೇ ಬರುವಂತಾದಾಗ ಮುದ್ದಯ್ಯ ಪಕ್ಕಕ್ಕೆ ಸರಿಯಲೇಬೇಕಾಯಿತು.

ಇಬ್ಬರೂ ಆಡಿದ ಮಾತು ಉಳಿಸಿಕೊಂಡರು. ಊರ ಬಾವಿ ಅವಳಿಗೆ ಮುಚ್ಚಿತು. ಅವಳು ಎರಡೆರಡು ಕೊಡ ಹೊತ್ತು ನಾಲೆಯಿಂದ ನೀರು ತಂದಳು. ಮುದ್ದಯ್ಯ ಅಮಲ್ದಾರರ ಕಚೇರಿಗೆ ದೂರು ಕೊಡಲು ಹೋಗಿ ಸಪ್ಪೆ ಮೋರೆ ಹಾಕಿಕೊಂಡು ಬಂದ. ಆಯುಧಪೂಜೆಯ ಹೊತ್ತಿಗೆ ದಿಣ್ಣೆಯ ಮೇಲೆ ಮಣ್ಣುಗೋಡೆ, ನಾಡಹೆಂಚಿನ ಮನೆಗಳ ಸಾಲು ಎದ್ದಿತು.

ಮೊದಲ ಮನೆ ಸಿದ್ದರಾಜುವಿನದು. ಅದರ ಮನೆಯೊಕ್ಕಲಿಗೆ ಊರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ದೇವಿರಮ್ಮ ಬಾಗಿಲಾಚೆಯೇ ನಿಂತಿದ್ದಳು. ಅಂಕಮ್ಮ ಹೊರಗೆ ಬಂದು ಕೈ ಹಿಡಿದಳು.

"ಒಳೀಕ್ ಬನ್ನಿ ಅವ್ವಾ. ಒಲೆ ನೀವೇ ಅಚ್ಬೇಕು."

"ಗಂಡ ಇಲ್ದೋಳು ನಾನು. ಅಚ್ಬಾರ್ದು ಕಣವ್ವ."

"ಅಂಗನ್ನೋರು ಈ ಮನೇಲಿ ಯಾರೂ ಇಲ್ಲ."

ದೇವಿರಮ್ಮ ತಲೆ ತಗ್ಗಿಸಿ ಹೊಸಲು ದಾಟಿದಳು. ಒಲೆ ಹಚ್ಚಿದಳು. ಹಾಲುಕ್ಕಿ ಮಡಕೆಯ ಮೈಮೇಲೆ ಇಳಿಯಿತು.

ಎಲ್ಲರೂ ಉಣ್ಣುತ್ತಿರುವಾಗ ಪಾಳಿಗೆ ಕರೆಯುವ ಕಾರ್ಖಾನೆಯ ಕೂಗು ಎದ್ದಿತು. ದಿನವೂ ಆ ಕೂಗಿಗೆ ಅರ್ಧ ತುತ್ತಿನಲ್ಲೇ ಎದ್ದು ಓಡುತ್ತಿದ್ದ ಸಿದ್ದರಾಜು ಇವತ್ತು ಎದ್ದೇಳಲಿಲ್ಲ. ಮಗಳನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ನಿಧಾನವಾಗಿ ಮುದ್ದೆಯ ಇನ್ನೊಂದು ತುತ್ತು ಮುರಿದ.