ಚಿಕ್ಕಮ್ಮನ ಐದು ಗೇಣು

ನನ್ನ ಚಿಕ್ಕಮ್ಮ ಲೋಕದ ಸಮಸ್ತ ವಸ್ತುಗಳನ್ನೂ ತನ್ನ ಗೇಣಿನಿಂದಲೇ ಅಳೆಯುತ್ತಾಳೆ. ಪರದೆಯ ಬಟ್ಟೆಯಾಗಲಿ, ಆಗತಾನೇ ಹುಟ್ಟಿದ ಕರುವಿನ ಬೆನ್ನಾಗಲಿ, ಹಳ್ಳದಲ್ಲಿ ಇಳಿಸಿ ತೆಗೆದ ಕೋಲಿಗೆ ಹತ್ತಿದ ತೇವವಾಗಲಿ, ನೆಂಟರು ಹೆಮ್ಮೆಯಿಂದ ತೋರಿಸಿದ ಹೊಸ ಸೋಫಾ ಆಗಲಿ, ಬಲಗೈಯ ಹೆಬ್ಬೆರಳನ್ನು ಒಂದು ತುದಿಗೆ ಊರಿ, ಕಿರುಬೆರಳನ್ನು ಸಾಧ್ಯವಾದಷ್ಟೂ ದೂರಕ್ಕೆ ಚಾಚಿ, ತುಟಿಯಂಚಿನಲ್ಲೇ ಎಣಿಸುತ್ತ, ಕಂಬಳಿಹುಳು ನಡೆದ ಹಾಗೆ ಕೈಯನ್ನು ನಡೆಸಿಕೊಂಡು ಹೋಗಿ, "ಮೂರು ಗೇಣು, ಎರಡು ಬೆರಳು" ಎಂದು ತೀರ್ಪು ಕೊಟ್ಟಳೆಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಅಳತೆಯ ಟೇಪು ಅವಳ ಬಳಿ ಇಲ್ಲವೆಂದಲ್ಲ. ಮುಚ್ಚಳ ಮುರಿದ ಔಷಧದ ಪೆಟ್ಟಿಗೆಗೆ ಅದನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿಟ್ಟಿದ್ದಾಳೆ.

ವೃತ್ತಿಯಿಂದ ಅವಳು ದನದ ಡಾಕ್ಟರು. ಗುಡ್ಡದಾಚೆಯ ಹನ್ನೊಂದು ಊರುಗಳ ಹಸು, ಕುರಿ, ಕುದುರೆಗಳಿಗೆಲ್ಲ ಇಪ್ಪತ್ತನಾಲ್ಕು ವರ್ಷಗಳಿಂದ ಇವಳೊಬ್ಬಳೇ ದಿಕ್ಕು. ಆ ಊರುಗಳಲ್ಲಿ ಇವಳ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಗೇಣು ಡಾಕ್ಟರಮ್ಮ ಎಂದರೆ ಹಸುಗೂಸೂ ಕೈ ತೋರಿಸುತ್ತದೆ. ಅವಳದೇ ಲೆಕ್ಕದಲ್ಲಿ ಅವಳ ಎತ್ತರ ಎಂಟು ಗೇಣು ಮೂರು ಬೆರಳು. ಯಾರೋ ದೀರ್ಘಕಾಯನಿಗೆಂದು ಹೊಲಿದ ಮಾಸಲು ಹಸಿರು ಕೋಟೊಂದನ್ನು ಅವಳು ಹಿಮ್ಮಡಿಯವರೆಗೆ ಇಳಿಬಿಟ್ಟುಕೊಂಡು, ತೋಳುಗಳನ್ನು ಮಾತ್ರ ಮೊಣಕೈಗಿಂತ ಮೇಲಕ್ಕೆ ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಹಾಕಿದ್ದಾಳೆ. ಅರ್ಧ ತೋಳನ್ನು ಹಸುವಿನ ಹೊಟ್ಟೆಯೊಳಗೆ ಇಳಿಸಿ ಕರುವಿನ ಕಾಲು ಹುಡುಕುವವರಿಗೆ ಪೂರ್ತಿ ತೋಳಿನ ಕೋಟು ಯಾತಕ್ಕೆ? ನಡೆಯುವಾಗ ಎಡಗಾಲನ್ನು ಒತ್ತಿ ಒತ್ತಿ ಇಡುತ್ತಾಳೆ, ನೆಲದಲ್ಲೂ ಎಲ್ಲೋ ಒಂದು ಕ್ಲಚ್ ಇದೆಯೆಂಬ ನಂಬಿಕೆಯಿಂದ ಎಂಬಂತೆ. ಇನ್ನು ಮಾತಾಡುವಾಗ, ಹಿಂದೆ ಏನೂ ಇರದಿದ್ದರೂ, "ಅದಿರ್ಲಿ" ಎಂದೇ ಆರಂಭಿಸುತ್ತಾಳೆ. ಫೋನಿನಲ್ಲಿ ನಾವು ಹಲೋ ಎನ್ನುವ ಮುನ್ನವೇ ಆ ಕಡೆಯಿಂದ "ಅದಿರ್ಲಿ" ಕೇಳಿಸಿದರೆ ಕರೆ ಯಾರದೆಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ.

ಅವಳಿಗೆ ಇನ್ನೊಂದು ಹಟವಿದೆ. ಗಾಡಿ ಹತ್ತುವಾಗ ಯಾರಾದರೂ ಕೈ ನೀಡಿದರೆ, ನೀಡಿದ ಕೈ ಹಿಂದಕ್ಕೆ ಹೋಗುವವರೆಗೂ ಅವಳು ಹತ್ತುವುದಿಲ್ಲ. ಒಮ್ಮೆ ತಪಾಸಣೆಗೆಂದು ಬಂದ ದೊಡ್ಡ ಮನುಷ್ಯರೊಬ್ಬರು ಸೌಜನ್ಯದಿಂದ ಕೈ ಚಾಚಿ, ಇವಳು ಆಕಾಶ ನೋಡುತ್ತ ನಿಂತುಬಿಟ್ಟದ್ದರಿಂದ, ಏನು ಮಾಡಬೇಕೆಂದು ತೋಚದೆ ಕೊನೆಗೆ ಆ ಕೈಯಿಂದ ತಮ್ಮ ತಲೆ ಕೆರೆದುಕೊಂಡರಂತೆ. ಅವರ ಕೈ ತಲೆಗೆ ಹೋದದ್ದೇ ತಡ, ಇವಳು ಬಾಗಿಲ ಪಕ್ಕದ ಹಿಡಿಕೆಗೆ ಒಂದು ಕೈ, ಹೊಸ್ತಿಲಿಗೆ ಒಂದು ಕಾಲು ಕೊಟ್ಟು, ಒಂದೇ ಜಿಗಿತಕ್ಕೆ ಸೀಟಿನ ಮೇಲಿದ್ದಳು.

ಆ ಹಿಡಿಕೆಯೇ ಈ ಕಥೆಯ ಮೂಲ. ಚಿಕ್ಕಮ್ಮನ ಗಾಡಿ ಕಲ್ಲು, ಕೆಸರು, ಹಳ್ಳಗಳಿಗೆಂದೇ ಮಾಡಿದ, ನಾಲ್ಕೂ ಚಕ್ರಗಳು ಎಳೆಯುವ ಹಳೆಯ ಮಾದರಿ. ನೆಲದಲ್ಲಿ ರಬ್ಬರ್ ಬಿರಡೆಯಿದ್ದ ಒಂದು ತೂತು, ಹಳ್ಳ ದಾಟುವಾಗ ಒಳನುಗ್ಗಿದ ನೀರನ್ನು ಹೊರಬಿಡಲು. ನಾಲ್ಕು ಚಕ್ರದ ಎಳೆತಕ್ಕೆ ಹಾಕಲು ಮೊಣಕೈಯಿಂದಲೂ ತಳ್ಳಬಹುದಾದ ದಪ್ಪ ಲಿವರ್. ಮತ್ತೆ ಈ ಹಿಡಿಕೆ. ಆಮೇಲೆ ಕಂಪನಿಯವರು ಮಾದರಿಯನ್ನು ಬದಲಿಸಿದರು. ತೂತನ್ನು ಮುಚ್ಚಿ ಕಾರ್ಪೆಟ್ ಹಾಸಿದರು, ಲಿವರ್ ಹೋಗಿ ಮುಟ್ಟಿ ನಡೆಸುವ ಗಾಜಿನ ಪರದೆಯ ಮೇಲೊಂದು ಗುಂಡಿ ಬಂತು, ಹಿಡಿಕೆ ಅಂದಗೆಡಿಸುತ್ತದೆಂದು ಕಿತ್ತೇ ಹಾಕಿದರು. ಚಿಕ್ಕಮ್ಮ ಆ ಮಾದರಿಯನ್ನು ಒಮ್ಮೆ ನೋಡಿ ಬಂದಳು. ಜಾರುವ ಕೈಯಲ್ಲಿ ಆ ಗುಂಡಿ ಒತ್ತಿದರೆ ಹಾಡು ಶುರುವಾಯಿತಂತೆ, ಚಕ್ರ ತಿರುಗಲಿಲ್ಲವಂತೆ. ಹತ್ತುವುದಂತೂ ಅವಳಿಂದ ಆಗಲೇ ಇಲ್ಲ. ಬದಿಗೆ ಪಾವಟಿಗೆ ಹಾಕಿಸಿಕೊಳ್ಳಬಾರದೇ ಎಂದು ಕೇಳುವವರಿಗೆ ಅವಳು ಹಳೆಯ ಗಾಡಿಯ ಬದಿಯ ಎರಡು ಗಾಯಗಳನ್ನು ತೋರಿಸುತ್ತಿದ್ದಳು. ಎರಡು ಸಲ ಹಾಕಿಸಿದ್ದಳು, ಎರಡು ಸಲವೂ ಗುಡ್ಡದ ಬಂಡೆಗಳು ಅವನ್ನು ಕಿತ್ತು ತಮ್ಮಲ್ಲೇ ಇಟ್ಟುಕೊಂಡಿದ್ದವು.

ಅಷ್ಟರಲ್ಲಿ ಅವಳ ಗಾಡಿಗೆ ಬಿಡಿಭಾಗ ಸಿಗುವುದು ನಿಂತುಹೋಯಿತು. ಪಶು ಆಸ್ಪತ್ರೆಯ ಅಧಿಕಾರಿ ಅವಳನ್ನು ಕರೆಸಿ, ಕುರ್ಚಿ ತೋರಿಸಿ, ಬಹಳ ಮೃದುವಾಗಿ ಹೇಳಿದರು: "ಡಾಕ್ಟರಮ್ಮ, ಇನ್ನು ಬರೋದೆಲ್ಲ ಹೊಸ ಗಾಡಿ. ನಿಮ್ಮಿಂದ ಅದನ್ನ ಹತ್ತೋಕಾಗಲ್ಲ. ಉಳಿದಿರೋ ನಾಲ್ಕು ವರ್ಷ ಆರಾಮಾಗಿ ಆಫೀಸಲ್ಲಿ ಕೂತ್ಕೊಳ್ಳಿ, ಗುಡ್ಡದ ಕಡೆಗೆ ಬೇರೆಯವರನ್ನ ಹಾಕ್ತೀನಿ."

"ಅದಿರ್ಲಿ, ನಾನು ಕೂತ್ಕೊಳ್ಳೋಕೆ ಓದಿದ್ನಾ?" ಎಂದು ಕೇಳಿ, ಕುರ್ಚಿಯಲ್ಲಿ ಕೂರದೆಯೇ ಹೊರಟುಬಂದವಳು ನನ್ನ ಚಿಕ್ಕಮ್ಮ.

ಆ ತಿಂಗಳಲ್ಲೇ ಕಂಪನಿಯವರು ಮತ್ತೊಂದು ಹೊಸ ಮಾದರಿ ತರುತ್ತಿದ್ದೇವೆ, ಅಭಿಮಾನಿಗಳು ತಮಗೆ ಬೇಕಾದ ಬದಲಾವಣೆಗಳನ್ನು ಬರೆದು ಕಳಿಸಿರಿ ಎಂದು ಸಾರಿದರು. ನಮ್ಮೂರಲ್ಲಿ ಈ ಗಾಡಿಯ ಅಭಿಮಾನಿಗಳದೊಂದು ಸಂಘವಿದೆ. ಭಾನುವಾರ ಬೆಳಿಗ್ಗೆ ಟೈರು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಟೈರುಗಳ ಮೇಲೆ ಕುಳಿತು, ಗುಡ್ಡ ಹತ್ತಿದ್ದಕ್ಕಿಂತ ಹತ್ತು ಪಟ್ಟು ಹೆಚ್ಚಾಗಿ ಗುಡ್ಡದ ಮಾತಾಡುವ ಹದಿನಾಲ್ಕು ಜನ ನಾವು. ನನಗೆ ಭಾಷೆ ಚೆನ್ನಾಗಿದೆಯೆಂಬ ವದಂತಿಯ ಬಲದಿಂದ ನಾನೇ ಕಾರ್ಯದರ್ಶಿ. ಅಂದು ಹಲ್ಲಿನ ಡಾಕ್ಟರಿಗೆ ಕಳಚಿಡಬಹುದಾದ ಬಾಗಿಲುಗಳು ಬೇಕಾಗಿದ್ದವು. ಫೋಟೋ ಸ್ಟುಡಿಯೊದವನು ದುಂಡನೆಯ ದೀಪಗಳಿಗಾಗಿ ಕಣ್ಣೀರು ಹಾಕುವುದೊಂದು ಬಾಕಿ. ನಿವೃತ್ತ ಬ್ಯಾಂಕು ಮ್ಯಾನೇಜರು ನಕ್ಷತ್ರ ನೋಡಲು ಗಾಜಿನ ಮಾಡು ಕೇಳಿದರು, ಟೈರು ಅಂಗಡಿಯ ಯಜಮಾನ ಹಿಂಬಾಗಿಲಿಗೆ ಪೂರ್ಣಗಾತ್ರದ ಇನ್ನೊಂದು ಚಕ್ರ ಕೇಳಿದ. ಚರ್ಚೆ ಕಾವೇರಿದ ಹೊತ್ತಿಗೆ ಬಾಗಿಲಲ್ಲಿ ಹಸಿರು ಕೋಟು ಕಾಣಿಸಿತು.

"ಅದಿರ್ಲಿ," ಎಂದಳು ಚಿಕ್ಕಮ್ಮ, "ನೀವೆಲ್ಲ ಗಾಡಿಯೊಳಗೆ ಕೂತ್ಮೇಲೆ ಏನು ಬೇಕು ಅಂತ ಕೇಳ್ತಿದೀರ. ನಾನಿನ್ನೂ ಹೊರಗೇ ನಿಂತಿದೀನಿ."

ಬ್ಯಾಂಕು ಮ್ಯಾನೇಜರು ಕನ್ನಡಕ ಸರಿಪಡಿಸಿಕೊಂಡು, ಇಂಥ ಗಾಡಿಗಳನ್ನು ಸರಾಸರಿ ಮನುಷ್ಯನ ಎತ್ತರಕ್ಕೆ ವಿನ್ಯಾಸ ಮಾಡುತ್ತಾರೆ, ಏನೂ ಮಾಡಲಾಗುವುದಿಲ್ಲ ಎಂದು ವಿವರಿಸಿದರು.

"ಆ ಸರಾಸರಿ ಮನುಷ್ಯ ಯಾರು ಸಾರ್? ಇಪ್ಪತ್ತೆರಡು ವರ್ಷದಿಂದ ಗುಡ್ಡ ಸುತ್ತಿದೀನಿ, ಒಂದು ದಿನಾನೂ ಎದುರಿಗೆ ಬರಲಿಲ್ಲ. ಸಿಕ್ಕಿದ್ರೆ ಕಳಿಸಿ, ಒಂದು ಹೆರಿಗೆಗೆ ಕೈ ಜೋಡಿಸ್ಲಿ."

ಮ್ಯಾನೇಜರು ಗಾಜಿನ ಮಾಡಿನ ವಿಚಾರವನ್ನು ಅಲ್ಲಿಗೇ ಬಿಟ್ಟರು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಲೋ ಕಂಬ, ಬರ್ಕೋ" ಎಂದಳು. ನನ್ನ ಎತ್ತರದಿಂದಾಗಿ ಬಾಲ್ಯದಿಂದಲೂ ನಾನು ಅವಳಿಗೆ ಕಂಬ. "ನೆಲಕ್ಕೊಂದು ತೂತು. ಲಿವರ್ರು. ಹಿಡಿಕೆ, ಬಾಗಿಲ ಹೊಸ್ತಿಲಿಂದ ಐದು ಗೇಣು ಮೇಲೆ. ಅದಕ್ಕಿಂತ ಒಂದು ಬೆರಳು ಹೆಚ್ಚಿದ್ರೂ ನಂಗೆ ಪ್ರಯೋಜನ ಇಲ್ಲ."

ನಾನು ಹನ್ನೆರಡು ಪುಟಗಳ ಮನವಿಪತ್ರವನ್ನು ಮನಸಾರೆ ಬರೆದೆ. ಅದು ಊರೂರಿನ ಸಂಘಗಳಿಗೆ ಹೋಗಿ ನಾನೂರು ಸಹಿ ಹೊತ್ತು ಬಂತು. ಅಂಥ ಘನವಾದ ಪತ್ರದಲ್ಲಿ ಗೇಣೆಂದು ಬರೆದರೆ ಎಂಜಿನಿಯರುಗಳು ನಕ್ಕಾರೆಂದು ನನಗೇ ನಾಚಿಕೆಯಾಯಿತು. ಮೇಜಿನ ಮೇಲೆ ಸ್ಕೇಲಿಟ್ಟು, ಅದರ ಮೇಲೆ ಅಂಗೈ ಬಿಡಿಸಿಟ್ಟು, ಗೇಣಿಗೆ ಇಪ್ಪತ್ತಮೂರು ಸೆಂಟಿಮೀಟರಿನಂತೆ ಐದರಿಂದ ಗುಣಿಸಿ, ನೂರ ಹದಿನೈದು ಎಂದು ದುಂಡಗೆ ಬರೆದೆ. ಎಷ್ಟು ಶಾಸ್ತ್ರೀಯವಾಗಿ ಕಾಣುತ್ತಿದೆಯೆಂದು ಎರಡು ಸಲ ಓದಿಕೊಂಡೆ ಕೂಡ.

ವರ್ಷದ ಬಳಿಕ ಕಂಪನಿಯವರು ಮಾದರಿ ಗಾಡಿಯನ್ನು ಒಂದು ದೊಡ್ಡ ಸಭಾಂಗಣದಲ್ಲಿ ಪ್ರದರ್ಶನಕ್ಕಿಟ್ಟರು. ಸಂಘದವರೆಲ್ಲ ಹೋದೆವು. ಆಸ್ಪತ್ರೆಗೆ ಇದೇ ಗಾಡಿ ಕೊಳ್ಳುವವರಿದ್ದುದರಿಂದ ಅಧಿಕಾರಿಯೂ ಬಂದಿದ್ದರು. ನೆಲದ ತೂತು ಬಂದಿತ್ತು, ಲಿವರ್ ಬಂದಿತ್ತು, ಹಿಡಿಕೆಯೂ ಬಂದಿತ್ತು. ಕೋಟಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಕ್ಕಮ್ಮ ಮುಂದೆ ಬಂದು ಕೈ ಎತ್ತಿದಳು. ಬೆರಳ ತುದಿ ಹಿಡಿಕೆಗೆ ತಾಗಿತು, ಹಿಡಿತ ಸಿಗಲಿಲ್ಲ. ಕಾಲ್ಬೆರಳ ಮೇಲೆ ನಿಂತಳು, ಆಗಲೂ ಸಿಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಎಂಜಿನಿಯರೊಬ್ಬ ಓಡಿಬಂದು ಕೈ ನೀಡಿದ.

"ಕೈ ತೆಗೀಪ್ಪಾ," ಎಂದಳು ಚಿಕ್ಕಮ್ಮ.

"ನೋಡಿದ್ರಾ ಡಾಕ್ಟರಮ್ಮ, ಅದಕ್ಕೇ ನಾನು ಹೇಳಿದ್ದು," ಎಂದರು ಅಧಿಕಾರಿ. ಎಂಜಿನಿಯರು ತಬ್ಬಿಬ್ಬಾಗಿ, "ನೂರ ಹದಿನೈದು ಅಂತ ನೀವೇ ಬರೆದಿದ್ರಲ್ಲ ಸಾರ್, ಎತ್ತರದವರಿಗೆ ಇರಬೇಕು ಅಂದ್ಕೊಂಡ್ವಿ," ಎಂದು ನನ್ನ ಮುಖ ನೋಡಿದ. ಆ ಕ್ಷಣದಲ್ಲಿ ನನಗೆ ಮೇಜು, ಸ್ಕೇಲು, ಅದರ ಮೇಲೆ ಬಿಡಿಸಿಟ್ಟ ನನ್ನ ಹಾರೆಯಂಥ ಬೆರಳುಗಳು ಕಣ್ಣಿಗೆ ಕಟ್ಟಿದವು. ಗೇಣು ನನ್ನದು, ತಪ್ಪೂ ನನ್ನದು ಎಂದು ಎಲ್ಲರೆದುರಿಗೆ ಒಪ್ಪಿಕೊಂಡೆ. ಅವಳ ಗುಡ್ಡವನ್ನು ನಾನೇ ಕಸಿದುಕೊಂಡಿದ್ದೆ.

"ನಿನ್ ಕೈಯಲ್ಲಿ ಯಾಕೋ ಅಳೆದೆ? ಹತ್ತೋದು ನೀನಾ?" ಎಂದಳು. ಅಷ್ಟೇ, ಮತ್ತೆ ಬೈಯಲಿಲ್ಲ. ಚುಚ್ಚುಮದ್ದು ಕೊಟ್ಟ ಕುರಿಗಳ ಬೆನ್ನಿಗೆ ಗುರುತು ಹಾಕುವ, ಆರು ಮಳೆ ಬಂದರೂ ಅಳಿಯದ ನೀಲಿ ಬಣ್ಣದ ಕಡ್ಡಿಯನ್ನು ಜೇಬಿನಿಂದ ತೆಗೆದು, ಹೊಸ್ತಿಲಿಗೆ ಹೆಬ್ಬೆರಳೂರಿ, ಒಂದು, ಎರಡು, ಮೂರು ಎಂದು ಈ ಸಲ ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಎಣಿಸುತ್ತ ಹೋಗಿ, ಐದನೆಯ ಗೇಣಿನ ಕಿರುಬೆರಳು ತಾಗಿದಲ್ಲಿ, ಕನ್ನಡಿಯಂತೆ ಹೊಳೆಯುತ್ತಿದ್ದ ಬಿಳಿಯ ಗಾಡಿಯ ಮೇಲೆ ಬೆರಳು ದಪ್ಪದ ಗೆರೆ ಎಳೆದಳು. ಕಂಪನಿಯ ಇಬ್ಬರು ಬಟ್ಟೆ ಹಿಡಿದು ಓಡಿಬಂದು ತಿಕ್ಕಿದರು. ತಿಕ್ಕಿದಷ್ಟೂ ನೀಲಿ ಹರಡಿತು.

"ಅದಿರ್ಲಿ, ಇಲ್ಲಿ ಕುಳ್ಳಗಿರೋರು ನಾನೊಬ್ಬಳೇನಾ?" ಎಂದು ಅವಳು ಗುಂಪಿನ ಕಡೆ ತಿರುಗಿದಳು. ಮೊದಲಿಗೆ ಅಂಚೆ ಹಂಚುವ ಹೆಂಗಸೊಬ್ಬಳು ಮುಂದೆ ಬಂದು ತನ್ನ ಕೈಗೆಟಕುವಲ್ಲಿ ಒಂದು ಗೆರೆ ಎಳೆದಳು. ಬೆನ್ನು ಬಾಗಿದ ಮರಗೆಲಸದವನು ಬಂದ. ಸಂಕೋಚಪಡುತ್ತಲೇ ನಮ್ಮ ಹಲ್ಲಿನ ಡಾಕ್ಟರು ಬಂದರು, ಅವರು ಎತ್ತರದ ಹಿಮ್ಮಡಿಯ ಬೂಟು ಹಾಕುತ್ತಿದ್ದ ಗುಟ್ಟು ಅಂದು ರಟ್ಟಾಯಿತು. ಪ್ರದರ್ಶನ ಮುಗಿಯುವ ಹೊತ್ತಿಗೆ ಬಾಗಿಲ ಪಕ್ಕದ ಆ ಬಿಳಿಯ ಪಟ್ಟಿಯ ಮೇಲೆ ಹತ್ತೊಂಬತ್ತು ನೀಲಿ ಗೆರೆಗಳಿದ್ದವು.

ಎಲ್ಲ ನೋಡಿ ಕಂಪನಿಯ ಹಿರಿಯ ಎಂಜಿನಿಯರು ನಿಟ್ಟುಸಿರಿಟ್ಟರು. ಅಚ್ಚುಗಳು ಆಗಲೇ ತಯಾರಾಗಿವೆ, ಇನ್ನು ಈ ಮಾದರಿಯಲ್ಲಿ ಬದಲಿಸಲು ಬರುವುದಿಲ್ಲ ಎಂದರು. ಹಾಗಾಗಿ ಎಂಟು ತಿಂಗಳ ಮೇಲೆ ಆಸ್ಪತ್ರೆಯ ಅಂಗಳಕ್ಕೆ ಬಂದಿಳಿದ ಗಾಡಿಯ ಹಿಡಿಕೆ ನನ್ನ ಐದು ಗೇಣಿನ ಎತ್ತರದಲ್ಲೇ ಇತ್ತು. ಅದೇ ದಿನ ಬೆಳಿಗ್ಗೆ, ಗಾಡಿ ಹತ್ತಲು ಅಸಮರ್ಥರಾದ ಕಾರಣ ಕಚೇರಿಗೆ ವರ್ಗಾಯಿಸಲಾಗುವುದು ಎಂಬ ಕರಡು ಆದೇಶ ಚಿಕ್ಕಮ್ಮನ ಮೇಜಿಗೆ ಬಂದಿತ್ತು. ಮಧ್ಯಾಹ್ನಕ್ಕೆ ಅವಳು ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದಳು. ನನ್ನನ್ನೂ ಕರೆಸಿದಳು, "ನೀನು ಏನೂ ಅಳೀಬೇಡ, ದೂರ ನಿಂತ್ಕೊಂಡು ನೋಡು" ಎಂದಳು.

ವೆಲ್ಡಿಂಗಿನವನು ಹಿಡಿಕೆಗೆಂದು ಬಾಗಿಸಿದ ಕಬ್ಬಿಣದ ಸಲಾಕೆ ಹಿಡಿದು ಗಾಡಿಯ ಹೊಳಪನ್ನೇ ನೋಡುತ್ತಿದ್ದ. "ಹೊಸಾ ಗಾಡಿ ಅಮ್ಮಾ. ತೂತು ಹೊಡೆದುಬಿಡ್ಲಾ?"

"ಹೊಡಿ."

ಡ್ರಿಲ್ಲಿನ ಸದ್ದಿಗೆ ಅಧಿಕಾರಿ ಹೊರಗೆ ಓಡಿಬಂದರು. "ಏನ್ರೀ ಇದು! ಆಸ್ಪತ್ರೆ ಗಾಡಿಗೆ ಕೈ ಹಾಕೋಕೆ ಯಾರ್ರೀ ಪರ್ಮಿಷನ್ ಕೊಟ್ಟಿದ್ದು?" ಅಷ್ಟರಲ್ಲಿ ನಾಲ್ಕು ಬೋಲ್ಟುಗಳೂ ಬಿಗಿದಾಗಿತ್ತು. ಚಿಕ್ಕಮ್ಮ ಸಲಾಕೆಗೆ ಒಮ್ಮೆ ಜೋತುಬಿದ್ದು ಪರೀಕ್ಷಿಸಿ, ಹೊಸ್ತಿಲಿಗೆ ಕಾಲು ಕೊಟ್ಟು, ಐವತ್ತಾರನೆಯ ವಯಸ್ಸಿನಲ್ಲಿ ಒಂದೇ ಜಿಗಿತಕ್ಕೆ ಸೀಟಿನ ಮೇಲೆ ಕುಳಿತು ಗಾಡಿ ಚಾಲೂ ಮಾಡಿದಳು.

"ಅದಿರ್ಲಿ ಸಾರ್, ಗುಡ್ಡದಾಚೆ ಹಸು ಕರು ಹಾಕೋಕಾಗ್ದೆ ಮಲಗಿದೆ. ನೋಟೀಸು ಬರೆದಿಟ್ಟಿರಿ, ಬಂದು ಸಹಿ ಹಾಕ್ತೀನಿ."

ನೋಟೀಸು ಬರೆದೇ ಬರೆದರು, ಅವಳು ಬಂದು ಸಹಿ ಹಾಕಿಯೇ ಹಾಕಿದಳು. ಕೆಳಗೆ ವಿವರಣೆ ಕೇಳಿದ್ದ ಜಾಗದಲ್ಲಿ ಅವಳು ಬರೆದದ್ದು ಇಷ್ಟು: "ಕೊರೆಸಿದ್ದು ನಾನೇ. ಹತ್ತಿದ್ದೂ ನಾನೇ. ಕರು ಕ್ಷೇಮ." ಹತ್ತಲು ಅಸಮರ್ಥರೆಂಬ ಆದೇಶಕ್ಕೆ ಆಮೇಲೆ ಯಾರೂ ಸಹಿ ಮಾಡುವ ಧೈರ್ಯ ಮಾಡಲಿಲ್ಲ. ಈಗಲೂ ವಾರಕ್ಕೆ ನಾಲ್ಕು ದಿನ ಹನ್ನೊಂದು ಊರಿನ ದಾರಿಯಲ್ಲಿ ಅವಳು ಹೋಗುತ್ತಾಳೆ.

ಇಂಥವರನ್ನು ನಾವು ಮೊಂಡರೆಂದು ಕರೆದು ಮುಗುಳ್ನಕ್ಕು ಸುಮ್ಮನಾಗುತ್ತೇವೆ. ಅವರ ಜೊತೆ ಬದುಕುವುದು ಸುಲಭವೆಂದು ನಾನೂ ಹೇಳಲಾರೆ. ಆದರೆ ನಮ್ಮಲ್ಲಿ ಬಹುಪಾಲು ಮಂದಿ, ಲೋಕದ ಬಾಗಿಲು ನಮಗೆ ಎಟುಕದಂತೆ ಕಟ್ಟಿದ್ದನ್ನು ಕಂಡರೆ, ದೋಷ ನಮ್ಮ ಮೈಯಲ್ಲೇ ಇದೆಯೆಂದು ನಂಬಿ, ಯಾರೋ ತೋರಿಸಿದ ಕುರ್ಚಿಯಲ್ಲಿ ಕೃತಜ್ಞತೆಯಿಂದ ಕುಳಿತುಬಿಡುತ್ತೇವೆ, ಕುಳಿತ ಮೇಲೆ ಅದನ್ನೇ ವಿವೇಕವೆಂದೂ ಕರೆಯುತ್ತೇವೆ. ಕಟ್ಟಿದವನ ಲೆಕ್ಕ ತಪ್ಪಿರಬಹುದೆಂಬ ಅನುಮಾನ ಕೋಟಿಯಲ್ಲಿ ಒಬ್ಬರಿಗೆ ಬರುತ್ತದೆ. ಅಂಥವರು ಮೊದಲು ಕೇಳಿ ನೋಡುತ್ತಾರೆ, ಬರೆದು ನೋಡುತ್ತಾರೆ, ಗೆರೆ ಎಳೆದು ತೋರಿಸುತ್ತಾರೆ, ಯಾವುದೂ ನಡೆಯದಿದ್ದರೆ ಡ್ರಿಲ್ ತರಿಸುತ್ತಾರೆ.