ಪುಟದ ಮೂಲೆಯ ಕಾಡಿಗೆ

"ಪುಟದ ಮೂಲೆಯಲ್ಲಿ ಕಲೆ ಇದೆ. ಸ್ವಚ್ಛಗೊಳಿಸಿ ಮತ್ತೆ ಕಳುಹಿಸಿ." ಕಾಮಿಕ್ಸ್ ಆ್ಯಪ್‌ನವರ ಕಂಪ್ಯೂಟರು ನಾವು ಕಳಿಸಿದ ಪುಟಗಳನ್ನೆಲ್ಲ ಇದೊಂದೇ ಮಾತು ಹೇಳಿ ವಾಪಸು ಮಾಡುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ತೆಲುಗು ಗಡಿಯ ಮಕ್ತಲ್ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಊರಿನವರ ಆಧಾರ್ ಕಾರ್ಡು, ಜಮೀನಿನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿದವನು ನಾನು. ಕಲೆ ಯಾವುದು, ಕಾಡಿಗೆ ಯಾವುದು ಎಂದು ನನಗೆ ಗೊತ್ತಿಲ್ಲವೇ? ಅದು ಕಾಡಿಗೆ. ಶಂಕ್ರಮ್ಮಕ್ಕ ಹೆಬ್ಬೆರಳಿನಿಂದ ಒತ್ತಿದ ದೃಷ್ಟಿಬೊಟ್ಟು.

ಶಂಕ್ರಮ್ಮಕ್ಕನ ಮಗಳು ಅಖಿಲಾ. ಮಕ್ತಲ್ ಪಕ್ಕದ ಹಳ್ಳಿಯ ಕುರಿ ಕಾಯುವ ಮನೆತನ. ಗದ್ವಾಲದಲ್ಲಿ ಡಿಗ್ರಿ ಮುಗಿಸಿ, ಊರಿನ ಮಕ್ಕಳಿಗೆ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ "ಬೂದಿ ಎಲ್ಲಿ ಹೋತು?" ಎಂಬ ಕಾಮಿಕ್ಸ್ ಬರೆಯುತ್ತಾಳೆ. ಬೂದಿ ಎಂದರೆ ಒಂದು ಬೂದು ಬಣ್ಣದ ಕುರಿ. ಹಿಂಡಿನಲ್ಲಿ ನಿಲ್ಲುವ ಜಾಯಮಾನವೇ ಅದರದಲ್ಲ. ಒಮ್ಮೆ ನಾರಾಯಣಪೇಟೆ ಬಸ್ಸು ಹತ್ತುತ್ತದೆ, ಇನ್ನೊಮ್ಮೆ ಗದ್ವಾಲದ ಸೀರೆ ಅಂಗಡಿಗೆ ನುಗ್ಗಿ, ಮದುವೆ ಸೀರೆ ಹರವಿದ ಗಾದಿಯ ಮೇಲೆ ಮಲಗಿಬಿಡುತ್ತದೆ. ಅದನ್ನು ಹುಡುಕಿಕೊಂಡು ಹೋಗುವ ಹೆಂಗಸಿಗೆ ಥೇಟು ಶಂಕ್ರಮ್ಮಕ್ಕನದೇ ಮುಖ, ಶಂಕ್ರಮ್ಮಕ್ಕನದೇ ಬೈಗುಳ. ನನ್ನ ಸ್ಕ್ಯಾನರ್ ಮೇಲೆ ಲೆಕ್ಕವಿಲ್ಲದಷ್ಟು ಕಾಗದ ಬಿದ್ದಿವೆ. ಇಷ್ಟು ಜೀವ ತುಂಬಿದ ಕಾಗದ ಮತ್ತೊಂದು ಬಿದ್ದಿಲ್ಲ.

ಮೊದಲು ಅವಳು ಪುಟಗಳನ್ನು ವಾಟ್ಸಾಪ್ ಗ್ರೂಪುಗಳಿಗೆ ಹಾಕುತ್ತಿದ್ದಳು. ಯಾರೋ ಪುಣ್ಯಾತ್ಮ ಕೆಳಗಿನ ಹೆಸರು ಕತ್ತರಿಸಿ ತನ್ನ ಹೆಸರು ಅಂಟಿಸಿಕೊಂಡ. ಆಗಲೇ ಬೂದಿಗೆ ಇಂಟರ್ನೆಟ್ಟಿನಲ್ಲಿ ಒಂದು ಸರಿಯಾದ ದೊಡ್ಡಿ ಬೇಕು ಎಂದು ತೀರ್ಮಾನವಾಯಿತು. ಜಾಗ ಹುಡುಕುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಪುಕ್ಕಟೆ ಬ್ಲಾಗ್ ಒಂದಿತ್ತು. ಅದರಲ್ಲಿ ಕುರಿಗೂ ಕುರುಬತಿಗೂ ನಡುವೆ ಸಾಲದ ಆ್ಯಪ್‌ನ ಜಾಹೀರಾತು ಬಂದು ಕೂರುತ್ತಿತ್ತು. ಅದನ್ನು ಅಲ್ಲಿಗೇ ಕೈಬಿಟ್ಟೆ. ನಮ್ಮದೇ ವೆಬ್‌ಸೈಟ್ ಮಾಡಿಕೊಳ್ಳಬಹುದಿತ್ತು. ಅದಕ್ಕೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು, ಮೇಲಾಗಿ ಕರೆಯದೆ ಯಾರೂ ಬರುವುದಿಲ್ಲ. ಉಳಿದದ್ದು ಈ ಕಾಮಿಕ್ಸ್ ಆ್ಯಪ್. ಅಲ್ಲಿ ಲಕ್ಷಗಟ್ಟಲೆ ಓದುಗರು ಮೊದಲೇ ಕೂತಿದ್ದಾರೆ. ಹೈದರಾಬಾದಿನ ಅವರ ಆಫೀಸಿನಿಂದ ಮಾಧವಿ ಎಂಬಾಕೆ ತಾನೇ ಫೋನು ಮಾಡಿ, "ಚಾಲಾ ಬಾಗುಂದಿ" ಎಂದು ಬಾಯ್ತುಂಬ ಹೊಗಳಿದ್ದಳು. ನಾನು ಇಡೀ ಬಸ್ ನಿಲ್ದಾಣಕ್ಕೆ ಡಂಗುರ ಹೊಡೆದಿದ್ದೆ.

ಈಗ ನೋಡಿದರೆ ಒಂದು ಬೊಟ್ಟು ಅಡ್ಡ ನಿಂತಿದೆ. ನಾನು ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು, ಮೂಲೆಯ ಕಪ್ಪನ್ನು ಕಣ್ಣು ಮಿಟುಕಿಸುವುದರಲ್ಲಿ ಅಳಿಸಿ ಅಖಿಲಾಗೆ ತೋರಿಸಿದೆ.

"ನೋಡು, ಮುಗೀತು. ಹಾಲಿನಂಗ ಬೆಳ್ಳಗ ಆತು."

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಕಾಂತೇಶಣ್ಣ, ಇನ್ನೂ ಕಳಸಬ್ಯಾಡ್ರಿ. ಕಡೀ ಪುಟ ಇವತ್ತು ಅವ್ವಗ ತೋರಸ್ತೀನಿ. ನೀವೂ ಬರ್ರಿ."

ಶಂಕ್ರಮ್ಮಕ್ಕನಿಗೆ ತಿಳಿಸಿ ಹೇಳುವುದು ನನಗೆಷ್ಟರ ಕೆಲಸ ಎಂದುಕೊಂಡು ಅಂಗಡಿ ಮುಚ್ಚಿ ಹೊರಟೆ. ಆಕೆ ಶೇಂಗಾ ಕೀಳುವ ಕೆಲಸದಿಂದ ಆಗಷ್ಟೇ ಬಂದಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಟ್ಟೆಯ ಮೇಲೆ ಕೂತು, ಪುಟವನ್ನು ತೊಡೆಯ ಮೇಲಿಟ್ಟುಕೊಂಡಳು. ಆಕೆಗೆ ಓದಲು ಬರುವುದಿಲ್ಲ. ಬೆರಳನ್ನು ಕಾಗದಕ್ಕೆ ತಾಗಿಸದೆ ಒಂದೊಂದೇ ಚಿತ್ರದ ಮೇಲೆ ಆಡಿಸುತ್ತ, ಬೂದಿಯನ್ನು ಕಂಡಲ್ಲೆಲ್ಲ "ಹಾಳಾದ್ದು" ಎಂದು ನಗುತ್ತ ಸಾಗಿದಳು. ಅದು ಬೂದಿ ಕೃಷ್ಣಾ ಸೇತುವೆಯ ಮೇಲೆ ಸಿಗುವ ಪುಟ. ಮೊದಲ ಕಂತಿಗೆ ಕಡೆಯದು. ಪಕ್ಕದಲ್ಲಿ ಕಾಡಿಗೆ ಡಬ್ಬಿ ಬಾಯಿ ತೆರೆದುಕೊಂಡು ಸಿದ್ಧವಾಗಿತ್ತು. ಕಡೆಯ ಚಿತ್ರಕ್ಕೆ ಬಂದವಳು ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

"ಇದಕ್ಕ ಬೊಟ್ಟು ಬ್ಯಾಡ."

"ಯಾಕಬೇ?" ಎಂದಳು ಅಖಿಲಾ.

"ದಿಷ್ಟಿ ತಗಲೋವಷ್ಟು ಚಂದ ಎಲ್ಲಾಗೇತಿ? ಕುರಿ ಸಿಕ್ಕ ಕೂಡ್ಲೆ ಇಕಿ ನಗಾಕತ್ಯಾಳ. ದಿನವೆಲ್ಲಾ ಬಿಸಿಲಾಗ ಹುಡುಕಿದಾಕಿ ಮೊದಲ ನಗ್ತಾಳೇನು?"

ಇಷ್ಟು ದಿನ ನಾನು ಆ ಬೊಟ್ಟನ್ನು ಹಳ್ಳಿಯ ಹೆಂಗಸಿನ ಮೂಢನಂಬಿಕೆ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಚಂದವಾದದ್ದಕ್ಕೆ ಮಾತ್ರ ಬೊಟ್ಟು, ಆಗದಿದ್ದದ್ದಕ್ಕೆ ಇಲ್ಲ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹಾಗೆಂದು ಶಂಕ್ರಮ್ಮಕ್ಕ ಮಹಾ ನ್ಯಾಯಾಧೀಶೆಯೇನಲ್ಲ. ಬೂದಿಯನ್ನು ತೆಳ್ಳಗೆ ಬರೆದದ್ದಕ್ಕೆ ಸಿಟ್ಟಾಗಿ, "ಮೇವು ಹಾಕಂಗಿಲ್ಲೇನು ಇದಕ್ಕ" ಎಂದು ಒಳ್ಳೊಳ್ಳೆ ಪುಟಗಳನ್ನೂ ತಳ್ಳಿಹಾಕಿದ್ದುಂಟಂತೆ. ನನ್ನನ್ನು ಬೆರಗುಗೊಳಿಸಿದ್ದು ಅಖಿಲಾ. ಬೇರೆ ಯಾರಾದರೂ ಆಗಿದ್ದರೆ ವಾದ ಮಾಡುತ್ತಿದ್ದರು, ನಾನಂತೂ ಖಂಡಿತ ಜಗಳ ತೆಗೆಯುತ್ತಿದ್ದೆ. ಅವಳು ಇನ್ನೊಂದು ಹಾಳೆ ತೆಗೆದು ಅಲ್ಲೇ ಕೂತು ಇಡೀ ಪುಟವನ್ನು ಮೊದಲಿನಿಂದ ಬರೆದಳು. ಕಡೆಯ ಚಿತ್ರದಲ್ಲಿ ಈಗ ಹೆಂಗಸು ಬೂದಿಯ ಕಿವಿ ಹಿಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದಾಳೆ, ಕಣ್ಣಿಂದ ನೀರು ಸುರಿಯುತ್ತಿದೆ. ಕುರಿ ಮಾತ್ರ ತನಗೇನೂ ಸಂಬಂಧವಿಲ್ಲದಂತೆ ಅವಳ ಸೆರಗು ಮೇಯುತ್ತಿದೆ. ನೋಡಿ ನನಗೆ ಜೋರಾಗಿ ನಗು ಬಂತು, ಹಿಂದೆಯೇ ಕಣ್ಣು ತುಂಬಿಕೊಂಡವು. ಶಂಕ್ರಮ್ಮಕ್ಕ ಡಬ್ಬಿ ತೆರೆದು ಹೆಬ್ಬೆರಳು ಅದ್ದಿದಳು.

ಮರುದಿನ ಅಂಗಡಿಯಿಂದಲೇ ಮಾಧವಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಆಕೆಯೂ ಒಳ್ಳೆಯವಳೇ, ಕೇಳಿ ಖುಷಿಪಟ್ಟಳು. "ಆದರೆ ಕಾಂತೇಶ್ ಗಾರೂ, ಪರೀಕ್ಷೆ ಮಾಡೋದು ಮಷೀನು. ಅದಕ್ಕೆ ಕಥೆ ಅರ್ಥ ಆಗಲ್ಲ. ಒಂದು ಕೆಲಸ ಮಾಡಿ. ಒಂದು ಬೊಟ್ಟನ್ನು ನೀಟಾಗಿ ಲೋಗೋ ಮಾಡಿ ಕೊಡಿ, ಎಲ್ಲ ಪುಟಕ್ಕೂ ನಾವೇ ಹಾಕ್ತೀವಿ."

ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಹಾವೂ ಸಾಯದ, ಕೋಲೂ ಮುರಿಯದ ದಾರಿ! ಎದುರು ಸ್ಟೂಲಿನ ಮೇಲೆ ಕೂತಿದ್ದ ಅಖಿಲಾಗೆ ಹೇಳಿದೆ. ಅವಳ ಮುಖದಲ್ಲಿ ಆಸೆ ಇತ್ತು, ಇರಲಿಲ್ಲ ಎಂದರೆ ಸುಳ್ಳು. ಬೆರಳಿಗಂಟಿದ ಮಸಿಯನ್ನು ಉಜ್ಜತೊಡಗಿದಳು.

"ಅಣ್ಣಾ, ಒಂದೇ ಬೊಟ್ಟು ಎಲ್ಲಾದಕ್ಕೂ ಅಚ್ಚು ಹಾಕಿದ್ರ, ಅವ್ವ ನೋಡಲಾರದ ಪುಟಕ್ಕೂ ಬೀಳ್ತೈತಿ ಅಲ್ರಿ."

"ಓದೋರಿಗೇನು ಗೊತ್ತಾಗ್ತೈತಿ?"

"ನನಗ ಗೊತ್ತಿರ್ತೈತಿ."

ನನ್ನ ಕೋಪ ನೆತ್ತಿಗೇರಿತು. "ಹುಚ್ಚು ಹುಡುಗಿ! ಲಕ್ಷ ಮಂದಿ ನೋಡ್ತಾರ!"

"ಆಸಿ ನನಗೂ ಐತ್ರಿ. ರಾತ್ರಿಯೆಲ್ಲಾ ಆ ಲಕ್ಷ ಮಂದೀದ ವಿಚಾರ ಮಾಡೀನಿ. ಆದ್ರ ಅವ್ವ ನೋಡಿದ ಮ್ಯಾಲ ಅವರು ನೋಡಲಿ. ಅವ್ವನ್ನ ಅಳಿಸಿ ಅಲ್ಲ." ಸ್ಟೂಲು ಮುಂದಕ್ಕೆ ಎಳೆದುಕೊಂಡು, "ನಮ್ಮದೇ ಜಾಗ ಮಾಡೋಣ್ರಿ. ಕಡಿಮಿ ಮಂದಿ ಬಂದ್ರೂ ನಡೀತೈತಿ" ಎಂದಳು.

ಅವಳು ದನಿ ಏರಿಸಲಿಲ್ಲ, ಅಳಲೂ ಇಲ್ಲ. ಈ ಹುಡುಗಿಯ ಮುಂದೆ ನಾನೇ ಚಿಕ್ಕವನಾದೆ ಅನಿಸಿತು. ಹಾಗೆ ಅನಿಸಿದ್ದು ಒಳ್ಳೆಯದೇ ಆಯಿತು. ಅವತ್ತೇ ಹೆಸರು ನೋಂದಾಯಿಸಿ, ಇಂಟರ್ನೆಟ್ಟಿನಲ್ಲಿ ಬಾಡಿಗೆ ಜಾಗ ಹಿಡಿದು, ಗೊತ್ತಿಲ್ಲದ್ದನ್ನು ವಿಡಿಯೊ ನೋಡಿ ಕಲಿತು ವೆಬ್‌ಸೈಟ್ ಕಟ್ಟಲು ಕೂತೆ. ಸಿಗ್ನಲ್ ಸರಿಯಾಗಿ ಸಿಗದ ಹೊಲಗಳಲ್ಲೂ ತೆರೆದುಕೊಳ್ಳಲಿ ಎಂದು ಪುಟಗಳನ್ನು ಹಗುರ ಮಾಡಿದೆ. ಕಾಡಿಗೆಯನ್ನು ಮುಟ್ಟಲಿಲ್ಲ.

ಮೊದಲ ದಿನಗಳಲ್ಲಿ ಸೈಟು ಭಣಗುಟ್ಟುತ್ತಿತ್ತು. ನಾನು ಕ್ಯೂಆರ್ ಕೋಡ್ ಮುದ್ರಿಸಿ ಅಂಗಡಿ ಗೋಡೆಗೆ, ಪಕ್ಕದ ಚಹಾ ಹೋಟೆಲಿಗೆ ಅಂಟಿಸಿದೆ. ಬಸ್ಸು ಕಾಯುವವರಿಗೆ ಮಾಡಲು ಮತ್ತೇನಿದೆ? ತೆರೆದು ನೋಡಿದರು. ಐಜ ಊರಿನ ಹತ್ತಿ ಹೊಲದಿಂದ ಒಬ್ಬರು ಬರೆದರು, ಮಲ್ದಕಲ್‌ನಿಂದ ಒಬ್ಬರು, ಆಮೇಲೆ ರಾಯಚೂರು ಕಡೆಯವರು. ಅರ್ಧ ಕನ್ನಡ, ಅರ್ಧ ತೆಲುಗು ಆಡುವ ಬೂದಿಯ ಊರು ತಮ್ಮದೇ ಎಂದು ಎಲ್ಲರೂ ಜಗಳಕ್ಕೆ ಬಿದ್ದರು. ಮೂಲೆಯಲ್ಲಿ ಕಪ್ಪಗಿರುವುದೇನು ಎಂದು ಯಾರೋ ಕೇಳಿದಾಗ ಅಖಿಲಾ ಒಂದೇ ಸಾಲು ಬರೆದಳು: "ಅವ್ವ ನೋಡ್ಯಾಳ."

ಒಂದು ಸಂತೆಯ ದಿನ ಶಂಕ್ರಮ್ಮಕ್ಕ ಅಂಗಡಿಗೆ ಬಂದಳು. ನಾನು ದೊಡ್ಡ ಪರದೆಯಲ್ಲಿ ವೆಬ್‌ಸೈಟಿನ ಮುಖಪುಟ ತೆರೆದು ಕುರ್ಚಿ ಹಾಕಿದೆ. ಮಿಂಚುವ ಅಕ್ಷರ, ಓಡುವ ಪಟ್ಟಿ, ಎಲ್ಲ ನನ್ನದೇ ಕೈಚಳಕ. ಪರೀಕ್ಷೆಗೆ ಕೂತ ಹುಡುಗನಂತೆ ಪಕ್ಕದಲ್ಲಿ ನಿಂತೆ. ಆಕೆ ಬೆರಳನ್ನು ಗಾಜಿಗೆ ತಾಗಿಸದೆ ಮೇಲಿನಿಂದ ಕೆಳಗೆ ಆಡಿಸಿದಳು.

"ಇಷ್ಟೆಲ್ಲಾ ಥಳಥಳ ಯಾಕಪ್ಪಾ? ಇದರಾಗ ನಮ್ಮ ಬೂದಿ ಎಲ್ಲೈತಿ?" ಎಂದು ಎದ್ದು ಸಂತೆಗೆ ಹೋದಳು.

ಸಿಟ್ಟು ಬಂತು. ಒಂದು ಚಹಾ ಕುಡಿದೆ. ಆಮೇಲೆ ಎಲ್ಲ ಕಿತ್ತುಹಾಕಿ ಹೊಸದಾಗಿ ಮಾಡಲು ಕೂತೆ. ಓಡುವ ಪಟ್ಟಿ ಹೋಯಿತು, ಮಿಂಚು ಹೋಯಿತು. ಖಾಲಿ ಬಯಲು, ನಡುವೆ ಬೂದಿ, ದೂರದಲ್ಲಿ ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿರುವ ಹೆಂಗಸು, ಅಷ್ಟೇ.

ಮುಂದಿನ ಸಂತೆಗೆ ಆಕೆ ಮತ್ತೆ ಬಂದಳು. ನಾನು ಕರೆಯಲಿಲ್ಲ, ತಾನೇ ಬಂದು ಕುರ್ಚಿ ಎಳೆದುಕೊಂಡು ನೋಡಿದಳು. ಆಮೇಲೆ ಸೊಂಟದ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು, ಹೆಬ್ಬೆರಳು ಅದ್ದಿ, ನನ್ನ ಪರದೆಯ ಗಾಜಿನ ಮೂಲೆಗೆ ಒತ್ತಿದಳು.

ಈಗ ಅಂಗಡಿಗೆ ಬಂದವರೆಲ್ಲ ಅದನ್ನು ತೋರಿಸಿ, "ಕಾಂತೇಶಣ್ಣ, ಕಲೆ ಐತಿ, ಒರಸ್ರಿ" ಅನ್ನುತ್ತಾರೆ. ಒಬ್ಬ ಹಿರಿಯರು ತಮ್ಮ ಕರವಸ್ತ್ರವನ್ನೇ ತೆಗೆದರು. ನಾನು ಕುರ್ಚಿಯಿಂದ ಹಾರಿ ಅವರ ಕೈ ಹಿಡಿದುಕೊಂಡೆ.