ಎರಡು ಮೊಳೆಯ ಹಲಗೆ

ನೀರು ಚಿಮುಕಿಸಿದ ಮಾಂಜಿ ಮೀನಿನ ಹೊಟ್ಟೆ ಬೆಳ್ಳಗೆ ಹೊಳೆಯುತ್ತಿದೆ, ಅದನ್ನೇ ನೋಡುತ್ತಿರಬೇಕು ಹಿರೂಬಾಯಿ, ಎಡಗೈ ನೋಡಬಾರದು — ಲಕ್ವ ಹೊಡೆದ ಮೇಲೆ ಅದು ಸೆರಗಿನಡಿ ಬಿದ್ದುಕೊಂಡಿದೆ, ಕರೆಯದೆ ಬಂದ ನೆಂಟರ ಹಾಗೆ — ಇವತ್ತೇ ಮತ್ತೆ ಮಾರುಕಟ್ಟೆಗೆ ಬಂದದ್ದು, ಉರಣ ಪೇಟೆಯ ಈ ಕಲ್ಲುಕಟ್ಟೆ ಅತ್ತೆಯದು, ಅತ್ತೆಯ ಅತ್ತೆಯದು, ಈಳಿಗೆಯ ಜೊತೆಗೇ ಸೊಸೆಗೆ ಬರುವ ಜಾಗ, ಈ ಈಳಿಗೆ ಮೇಲೆ ಕೂತಿರೋ ತನಕ ಕಟ್ಟೆ ನಿಂದು ಕಣೇ, ಎದ್ದರೆ ಇನ್ನೊಬ್ಬಳದು, ಅಂದಿದ್ದಳು ಮುದುಕಿ. ಹಲಗೆಯೇನೋ ಬುಟ್ಟಿಯಡಿ ಇದೆ, ಅಲ್ಲೇ ಇರಲಿ, ಗಂಡ ಧರ್ಮಾ ಹಳೇ ದೋಣಿಯ ಹಲಗೆ ಕೊಯ್ದು ಅಡಿಯಿಂದ ಎರಡು ಮೊಳೆ ಹೊಡೆದದ್ದು, ಮೊನೆ ಮೇಲಕ್ಕೆ, ಕೂಸಿಗೆ ಹುಟ್ಟುವ ಮೊದಲೆರಡು ಹಲ್ಲಿನಂತೆ, ಮೀನು ಇದಕ್ಕೆ ಚುಚ್ಚು, ಇದೇ ಹಿಡ್ಕೊಳ್ಳುತ್ತೆ, ನೀನು ಬಲಗೈಲಿ ಚಾಕು ಹಿಡಿ, ಅಂದಿದ್ದ — ಚಾಕು! ಬೆಸ್ತರ ಹೆಂಗಸು ಹೋಟೆಲ್ ಭಟ್ಟನ ಹಾಗೆ ಚಾಕು ಹಿಡಿದರೆ ಸಾಲಿನವರೆಲ್ಲ ನಗದೆ ಬಿಟ್ಟಾರೆಯೇ, ಪಕ್ಕದ ಕಟ್ಟೆಯ ಧಾಕ್ಲಿಯಂತೂ, ಇಷ್ಟು ವರ್ಷ ಗಿರಾಕಿಗಾಗಿ ಕಚ್ಚಾಡಿದವಳು — ಹಿರೂ ಮೌಶಿ, ಇದನ್ನ ಸಾರಿಗೆ ಕೊಯ್ದು ಕೊಡಿ, ಶಾಲೆಯ ಟೀಚರು, ಹಳೇ ಗಿರಾಕಿ, ಕೊಡ್ತೀನಮ್ಮಾ, ಈಳಿಗೆಗೆ ಮೀನು ಒತ್ತಿದಳು, ಎಡಗೈ ಬಾ ಅಂದರೆ ಬರಲಿಲ್ಲ, ಮೀನು ಜಾರಿತು, ಪಟ್ಟನೆ ಚರಂಡಿಗೆ.

ಯಾರೋ ಕಿಸಕ್ಕೆಂದರು. ಟೀಚರ ಕಣ್ಣು ಧಾಕ್ಲಿಯ ಕಟ್ಟೆಯ ಕಡೆ ಹೊರಳಿತು, ಮುಗಿಯಿತು, ಹೋಯಿತು ಕಟ್ಟೆ, ಧಾಕ್ಲಿ ಎದ್ದೇಬಿಟ್ಟಳಲ್ಲ, ಮೀನೆತ್ತಿ ಉಜ್ಜಿ ತೊಳೆಯುತ್ತಾಳೆ, ಬುಟ್ಟಿಯಡಿ ಕೈಹಾಕಿ ಹಲಗೆಯನ್ನೂ ಚಾಕುವನ್ನೂ ಎಳೆಯುತ್ತಾಳೆ, ಇದನ್ಯಾಕೆ ಕಳ್ಳಬಸುರಿನ ಹಾಗೆ ಬಚ್ಚಿಟ್ಟಿದೀಯೇ ಹಿರೂ — ಮುಟ್ಟಬೇಡ ಅದನ್ನ, ನಂಗೆ ಬೇಡ — ಬಾಯಿ ಮುಚ್ಚು, ನಿನ್ನತ್ತೆ ಈಳಿಗೆ ಮೇಲೆ ಕೂತ್ಕೋ ಅಂದಿದ್ದಳು, ಕೂತಿದೀಯ, ಚಾಕು ಮುಟ್ಟಬೇಡ ಅಂದಿದ್ಲಾ? ಒದ್ದೆ ಕಲ್ಲಿನ ಮೇಲೆ ಹಲಗೆ ಜಾರತ್ತೆ, ನಾನು ಒತ್ತಿ ಹಿಡೀತೀನಿ, ಕೊಯ್ಯಿ ನೀನು, ಮೀನೂ ನಿಂದೇ, ಗಿರಾಕೀನೂ ನಿಂದೇ, ನಾಳೆ ಮತ್ತೆ ಜಗಳ ಆಡೋಣ.

ಹಿರೂ ಮೊಳೆಗೆ ಚುಚ್ಚಿದಳು. ಮೀನು ಮಿಸುಕಲಿಲ್ಲ, ಚಾಕು ಇಳಿಯಿತು, ತಲೆ ಬೇರೆ, ಹೋಳು ಬೇರೆ, ತನ್ನದೇ ಕೊಯ್ತ, ಅದೇ ದಪ್ಪ, ಟೀಚರು ಚೀಲ ಚಾಚಿದಳು, ಎಂದಿನಂತೆ, ಏನೂ ಆಗಿಲ್ಲವೆಂಬಂತೆ, ನಾಚಿಕೆ ಎಲ್ಲಿ ಹೋಯಿತೋ, ಅಳು ಮಾತ್ರ ಬರುತ್ತಿದೆ, ಮೊಳೆ ಹೊಡೆಯುವಾಗ ಧರ್ಮಾನ ಹೆಬ್ಬೆರಳಿಗೆ ಪೆಟ್ಟಾಗಿ ಉಗುರು ಕಪ್ಪಗಾಗಿತ್ತು, ಚೆನ್ನಾಗಿದೆ ಅಂತ ಒಂದು ಮಾತು ಹೇಳಲಿಲ್ಲವಲ್ಲ ತಾನು — ಧಾಕ್ಲಿ ನೀರು ಹೊಯ್ದಳು, ರಕ್ತ ಹರಿದುಹೋಯಿತು, ಹಲಗೆ ಖಾಲಿ, ಎರಡು ಮೊಳೆ, ಬಿಸಿಲಿಗೆ ಮಿನುಗುವ ಎರಡೇ ಎರಡು ಮೊಳೆ, ಕೂಸಿನ ಹಲ್ಲು, ನಗುವ ಕೂಸಿನ ಎರಡು ಹಲ್ಲು, ಎರಡು ಹಲ್ಲು —